ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್: ಬೆಳಗ್ಗೆ ಬೇಗ ಸ್ಟಾರ್ಟ್ ಆಗಲ್ಲ, ಪಂಪ್ ಹೋಗಿದೆ ಅಂತಾರೆ. ಪಂಪ್ ಉಳಿಸಿಕೊಳ್ಳುವುದು ಹೇಗೆ?

ಸಕಲೇಶಪುರ ಸವಾರ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 2014ರ ಡೀಸೆಲ್ ಸ್ವಿಫ್ಟ್ ತೆಗೆದುಕೊಂಡೆ. 1,12,000 ಕಿ.ಮೀ. ಓಡಿದೆ. ಮೊದಲಿನವರು ಬೆಂಗಳೂರಿನವರು. ಮನೆಯಿಂದಲೇ ಕೆಲಸ ಅಂತ ಏಳೆಂಟು ತಿಂಗಳು ಗಾಡಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೇ ನಿಂತಿತ್ತಂತೆ. ಓಡಿಸಲು ಚೆನ್ನಾಗಿದೆ, ಪಿಕಪ್ ಇದೆ, ಹೊಗೆ ಇಲ್ಲ. ಆದರೆ ಮೂರು ವಾರದಿಂದ ಬೆಳಗ್ಗೆ ಸೆಲ್ಫ್ ಹೊಡೆದರೆ ಆರೇಳು ಸೆಕೆಂಡ್ ಸುಮ್ನೆ ತಿರುಗುತ್ತದೆ, ಆಮೇಲೆ ಒಂದು ಸಲ ಕೆಮ್ಮಿದ ಹಾಗೆ ಮಾಡಿ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ, ಸಂಜೆ ಏನೂ ತೊಂದರೆ ಇಲ್ಲ, ಮುಟ್ಟಿದರೆ ಸ್ಟಾರ್ಟ್.

ಹಾಸನದಲ್ಲಿ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಹೈ ಪ್ರೆಷರ್ ಪಂಪ್ ವೀಕ್ ಆಗಿದೆ, ಬದಲಾಯಿಸಬೇಕು, 38,000 ಆಗುತ್ತದೆ" ಎಂದರು. ಗಾಡಿಗೆ ಕೊಟ್ಟದ್ದೇ 3,40,000. ಕಾಫಿ ಕೊಯ್ಲಿನ ದುಡ್ಡು ಬರಲು ಇನ್ನೂ ಸಮಯ ಇದೆ. ನಿಜವಾಗಿ ಪಂಪ್ ಹೋಗಿದೆಯಾ? ಹೋಗಿಲ್ಲ ಎಂದರೆ ಮುಂದೆ ಹೋಗದ ಹಾಗೆ ಏನು ಮಾಡಬೇಕು? ದಯವಿಟ್ಟು ಗೊತ್ತಿರುವವರು ಹೇಳಿ.

ಮಂಗಳೂರು ಘಾಟ್
ಅಣ್ಣ, 38,000 ಕೊಡುವ ಮೊದಲು ಒಂದು ಕೆಲಸ ಮಾಡಿ. ಡೀಸೆಲ್ ಫಿಲ್ಟರ್ ಬದಲಾಯಿಸಿ. ನನ್ನ ಡಿಸೈರ್‌ಗೂ ಇದೇ ಆಗಿತ್ತು, ಇದೇ ಎಂಜಿನ್. ಫಿಲ್ಟರ್ ಹಾಕಿದ ಮೇಲೆ ಸರಿಹೋಯಿತು.

ಪಂಪ್ ಕೆಲಸದವನು
ನಾನು ಡೀಸೆಲ್ ಪಂಪ್ ಮತ್ತು ನಾಝಲ್ (ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಕೆಲಸವನ್ನೇ 19 ವರ್ಷದಿಂದ ಮಾಡುತ್ತಿದ್ದೇನೆ. ಅಂಗಡಿಗೆ "ಪಂಪ್ ಹೋಗಿದೆ" ಎಂದು ಬರುವ ಗಾಡಿಗಳಲ್ಲಿ ಪಂಪ್ ನಿಜವಾಗಿ ಹೋಗಿರುವುದು ಕಡಿಮೆ. ಪಂಪ್ ತಾನಾಗಿ ಸಾಯುವುದೂ ಕಡಿಮೆ. ಅದರೊಳಗೆ ಹೋಗುವ ನೀರು, ಗಾಳಿ, ಕಸ ಅದನ್ನು ಕೊಲ್ಲುತ್ತವೆ. ಅದಕ್ಕೇ ಬಿಡಿಸಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸವಾರರೇ, ನಿಮ್ಮದು ಕಾಮನ್ ರೈಲ್ ಗಾಡಿ. ಟ್ಯಾಂಕಿನಿಂದ ಡೀಸೆಲ್ ಕಡಿಮೆ ಒತ್ತಡದಲ್ಲಿ ಫಿಲ್ಟರಿಗೆ ಬರುತ್ತದೆ, ಅಲ್ಲಿಂದ ಹೈ ಪ್ರೆಷರ್ ಪಂಪಿಗೆ. ಪಂಪ್ ಅದನ್ನು ಹಿಂಡಿ ರೈಲ್ ಎನ್ನುವ ದಪ್ಪ ಕೊಳವೆಗೆ ತುಂಬುತ್ತದೆ. ಪೂರ್ತಿ ಲೋಡಿನಲ್ಲಿ ಅಲ್ಲಿ ಒತ್ತಡ ಸಾವಿರ ಬಾರ್ ದಾಟಿ ಹೋಗುತ್ತದೆ. ನಿಮ್ಮ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ಅಷ್ಟು ಒತ್ತಡ ಹಿಡಿಯಬೇಕೆಂದರೆ ಪಂಪಿನ ಪ್ಲಂಜರಿಗೂ (ಡೀಸೆಲ್ ಹಿಂಡುವ ದಂಡ) ಅದರ ಗೂಡಿಗೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಈ ಪಂಪಿಗೆ ಬೇರೆ ಎಂಜಿನ್ ಆಯಿಲ್ ಇಲ್ಲ. ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಎಣ್ಣೆ, ಡೀಸೆಲ್ಲೇ ತಂಪು. ಡೀಸೆಲ್ ಜಾಗದಲ್ಲಿ ನೀರೋ ಗಾಳಿಯೋ ಬಂದರೆ ಆ ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತದೆ.

ಈಗ ನಿಮ್ಮ ತೊಂದರೆ. ಬೆಳಗ್ಗೆ ಮಾತ್ರ, ರಾತ್ರಿಯಿಡೀ ನಿಂತ ಮೇಲೆ ಮಾತ್ರ ಅಂದಿರಿ. ಇದು ದೊಡ್ಡ ಸುಳಿವು. ಪಂಪ್ ಸವೆದಿದ್ದರೆ ಬಿಸಿಯಲ್ಲಿ ತೊಂದರೆ ಜಾಸ್ತಿ ಆಗಬೇಕು, ಯಾಕೆಂದರೆ ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ಹಿಂದಕ್ಕೆ ಸೋರುತ್ತದೆ. ನಿಮ್ಮದು ಬಿಸಿಯಲ್ಲಿ ಮುಟ್ಟಿದರೆ ಸ್ಟಾರ್ಟ್. ಹಾಗಾದರೆ ರಾತ್ರಿ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು ಆ ಜಾಗಕ್ಕೆ ಗಾಳಿ ಬರುತ್ತಿರಬಹುದು.

ನಾಳೆ ಬೆಳಗ್ಗೆ ಹೀಗೆ ಮಾಡಿ. ಸೆಲ್ಫ್ ಹೊಡೆಯಬೇಡಿ. ಕೀ ಆನ್ ಮಾಡಿ, ಹಿಂದಿನ ಸೀಟಿನ ಹತ್ತಿರ ಕಿವಿ ಕೊಡಿ. ಟ್ಯಾಂಕಿನೊಳಗೆ ಕರೆಂಟಿನ ಸಣ್ಣ ಪಂಪ್ ಇರುವ ಗಾಡಿಯಲ್ಲಿ ಜುಂಯ್ ಎಂದು ಕೆಲವು ಸೆಕೆಂಡ್ ಸದ್ದು ಬರುತ್ತದೆ. ನಿಂತ ಮೇಲೆ ಕೀ ಆಫ್, ಮತ್ತೆ ಆನ್. ಮೂರ್ನಾಲ್ಕು ಸಲ ಹೀಗೆ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಆಗ ಬೇಗ ಸ್ಟಾರ್ಟ್ ಆದರೆ ನಿಮ್ಮ ದೊಡ್ಡ ಪಂಪಿಗೆ ಬಹುಶಃ ಏನೂ ಆಗಿಲ್ಲ, ತೊಂದರೆ ಇರುವುದು ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಪೈಪಿನಲ್ಲೋ ಫಿಲ್ಟರಿನಲ್ಲೋ. ನೋಡಿ ಹೇಳಿ.

ಸಕಲೇಶಪುರ ಸವಾರ
ಗುರುಗಳೇ, ಬೆಳಗ್ಗೆ ಆರು ಗಂಟೆಗೆ ಮಾಡಿದೆ. ಜುಂಯ್ ಸದ್ದು ಬರುತ್ತದೆ. ನಾಲ್ಕು ಸಲ ಕೀ ಆನ್ ಆಫ್ ಮಾಡಿ ಹೊಡೆದೆ. ಎರಡೇ ಸೆಕೆಂಡಿಗೆ ಸ್ಟಾರ್ಟ್! ಮನೆಯವರೆಲ್ಲ ಹೊರಗೆ ಬಂದು ನೋಡಿದರು.

ಪಂಪ್ ಕೆಲಸದವನು
ಒಳ್ಳೆಯದು. ಈಗ ಫಿಲ್ಟರ್ ಡಬ್ಬಿ ನೋಡಿ. ಮುಚ್ಚಳದ ಸುತ್ತ, ಪೈಪ್ ಕೂರುವ ಜಾಗದಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಅಂಟಿದೆಯಾ? ಓಡುವಾಗ ಒಳಗೆ ಒತ್ತಡ ಇರುತ್ತದೆ, ಡೀಸೆಲ್ ಹೊರಗೆ ಒಸರುತ್ತದೆ. ನಿಂತಾಗ ಅದೇ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆ. ಫಿಲ್ಟರಿನ ಅಡಿಯಲ್ಲಿ ನೀರು ಬಿಡುವ ಬೋಲ್ಟ್ ಇರುತ್ತದೆ. ಪಾರದರ್ಶಕ ಬಾಟಲಿ ಹಿಡಿದು ಬೋಲ್ಟ್ ಸಡಿಲಿಸಿ ಒಂದು ಲೋಟದಷ್ಟು ಬಿಡಿ. ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ನೀರು ಇದ್ದರೆ ಅಡಿಗೆ ಕೂರುತ್ತದೆ.

ಇನ್ನೊಂದು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಡೀಸೆಲ್‌ನಲ್ಲಿ ನೀರಿನ ಲೈಟ್ ಒಂದು ಕ್ಷಣ ಹತ್ತಿ ಆರುತ್ತದೆಯಾ ನೋಡಿ. ಹತ್ತಲೇ ಇಲ್ಲ ಎಂದರೆ ಅದೇ ಒಂದು ಎಚ್ಚರಿಕೆ.

ಕಡೂರು ಕೃಷಿಕ
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆ ಮೊದಲು ಹೊಂಗೆ ಎಣ್ಣೆಯಲ್ಲಿ ಪಂಪ್‌ಸೆಟ್ ಓಡಿಸಿದವರು ಇದ್ದಾರೆ. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರ ಜೈವಿಕ ಇಂಧನ ಉದ್ಯಾನವನ್ನೂ ನೋಡಿ ಬಂದಿದ್ದೇನೆ. ನನ್ನ ಹತ್ತಿರ ಹಳೇ ಡೀಸೆಲ್ ಕಾರಿದೆ. ಎಣ್ಣೆ ಅಂದರೆ ಜಾರುಗುಣ ಜಾಸ್ತಿ ಅಲ್ವಾ, ಸ್ವಲ್ಪ ಹೊಂಗೆ ಎಣ್ಣೆ ಬೆರೆಸಿದರೆ ಪಂಪಿಗೆ ಒಳ್ಳೆಯದಾಗುವುದಿಲ್ಲವಾ?

ಪಂಪ್ ಕೆಲಸದವನು
ಕೃಷಿಕರೇ, ಗಾಣದಿಂದ ಬಂದ ಹಸಿ ಎಣ್ಣೆಯನ್ನು ಕಾಮನ್ ರೈಲ್ ಗಾಡಿಗೆ ಹಾಕಲೇಬೇಡಿ. ಹಸಿ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ನಿಧಾನಕ್ಕೆ ತಿರುಗುವ ಹಳೇ ಪಂಪ್‌ಸೆಟ್ ಎಂಜಿನ್ ಅದನ್ನು ತಡೆದುಕೊಳ್ಳುತ್ತದೆ. ಕಾರಿನ ಫಿಲ್ಟರ್ ಕಟ್ಟುತ್ತದೆ, ನಾಝಲ್ ತುದಿಯಲ್ಲಿ ಇಂಗಾಲ ಕೂರುತ್ತದೆ. ಮಡೆನೂರಿನಲ್ಲಿ ಮಾಡುವ ಬಯೋಡೀಸೆಲ್ ಬೇರೆ. ಅದನ್ನು ಮೆಥನಾಲ್ ಸೇರಿಸಿ ರಾಸಾಯನಿಕವಾಗಿ ಬದಲಾಯಿಸಿ, ಗ್ಲಿಸರಿನ್ ಬೇರ್ಪಡಿಸಿ ತೆಳ್ಳಗೆ ಮಾಡಿರುತ್ತಾರೆ. ಅದನ್ನು ಸ್ವಲ್ಪ ಪ್ರಮಾಣದಲ್ಲಿ ಡೀಸೆಲ್ಲಿಗೆ ಬೆರೆಸಿದರೆ ಜಾರುಗುಣ ಹೆಚ್ಚುವುದು ನಿಜ. ಆದರೆ ಬಯೋಡೀಸೆಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಒಳ್ಳೆಯದಲ್ಲ. ಗಾಡಿ ಕಂಪನಿ ಎಷ್ಟು ಹಾಕಬಹುದು ಎಂದು ಪುಸ್ತಕದಲ್ಲಿ ಹೇಳಿದೆಯೋ ಅಷ್ಟೇ.

ಹೊಸಪೇಟೆ ಹೈವೇ
ನನ್ನ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. 2016ರ ಗಾಡಿ, ದೆಹಲಿ ನಂಬರ್. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ನಿರ್ಬಂಧ ಹಾಕಿತಲ್ಲ, ಅದಾದ ಮೇಲೆ ವಯಸ್ಸಾಗುತ್ತಿರುವ ಗಾಡಿಗಳು ಅಲ್ಲಿಂದ ನಮ್ಮ ಕಡೆಗೂ ಬಂದವು. ನೋಡಲು ಹೊಸದರ ಹಾಗೆ ಇತ್ತು. ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಂಡೆ. ನೀರಿನ ಲೈಟ್ ಒಂದು ದಿನ ಹತ್ತಿತು. ಮದುವೆ ಓಡಾಟ ಇತ್ತು, ಆಮೇಲೆ ನೋಡೋಣ ಎಂದು ಹತ್ತು ದಿನ ಹಾಗೇ ಓಡಿಸಿದೆ. ಚಿತ್ರದುರ್ಗ ದಾಟಿದ ಮೇಲೆ ರಾತ್ರಿ ಹನ್ನೊಂದಕ್ಕೆ ಗಾಡಿ ಎಳೆಯುವುದು ನಿಲ್ಲಿಸಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮೇಲೆ ಹೋಗುತ್ತಿಲ್ಲ. ಆಮೇಲೆ ಆಫ್. ಅಪ್ಪ ಅಮ್ಮ ಗಾಡಿಯಲ್ಲೇ ಇದ್ದರು.

ಪಂಪ್ ಬಿಚ್ಚಿದಾಗ ಮೆಕ್ಯಾನಿಕ್ ನನ್ನನ್ನು ಕರೆದು ತೋರಿಸಿದರು. ಒಳಗಿನ ಡೀಸೆಲ್ಲನ್ನು ಬಿಳಿ ತಟ್ಟೆಗೆ ಸುರಿದರೆ ಬೆಳ್ಳಿ ಪುಡಿಯ ಹಾಗೆ ಮಿನುಗುತ್ತಿತ್ತು. ಅದು ಪಂಪಿನದೇ ಲೋಹ, ಉಜ್ಜಿ ಉಜ್ಜಿ ಬಂದದ್ದು. ಆ ಪುಡಿ ರೈಲಿಗೆ ಹೋಗಿ, ನಾಲ್ಕು ನಾಝಲಿಗೆ ಹೋಗಿ, ಉಳಿದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೂ ಹೋಗಿತ್ತು. ಪಂಪ್ ಒಂದನ್ನೇ ಹಾಕಿದರೆ ಹೊಸ ಪಂಪೂ ಹಾಳಾಗುತ್ತದೆ ಎಂದರು. ಪಂಪ್, ನಾಲ್ಕು ನಾಝಲ್, ರೈಲ್, ಟ್ಯಾಂಕ್ ತೊಳೆದದ್ದು ಎಲ್ಲ ಸೇರಿ ನನಗೆ 1,26,000 ಆಯಿತು. ಲೈಟ್ ಹತ್ತಿದ ದಿನವೇ ನಿಲ್ಲಿಸಿ ನೀರು ಬಿಟ್ಟಿದ್ದರೆ ಹತ್ತು ನಿಮಿಷದ ಕೆಲಸ.

ಶಿರಸಿ ಮಳೆ
ಹೈವೇ ಅವರೇ, ಓದಿ ಬೇಜಾರಾಯಿತು. ನೀರು ಎಲ್ಲಿಂದ ಬರುತ್ತದೆ ಎಂದು ನಾನು ಮೊದಲು ಯೋಚಿಸಿಯೇ ಇರಲಿಲ್ಲ. ಬಂಕಿನವರನ್ನೇ ಬೈಯುತ್ತಿದ್ದೆ. ನಮ್ಮ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯೇ ರಾತ್ರಿ ತಣ್ಣಗಾಗಿ ಗೋಡೆಯಲ್ಲಿ ನೀರು ಕಟ್ಟುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ಅಡಿಗೆ ಹೋಗುತ್ತದೆ. ನೀರು ಮತ್ತು ಡೀಸೆಲ್ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳೂ ಬೆಳೆಯುತ್ತವೆ, ಕಪ್ಪು ಲೋಳೆ ಆಗುತ್ತದೆ, ಫಿಲ್ಟರ್ ಕಟ್ಟುತ್ತದೆ. ಈಗ ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧಕ್ಕಿಂತ ಕೆಳಗೆ ಬಿಡುವುದಿಲ್ಲ. ಗಾಡಿ ಒಂದು ವಾರ ನಿಲ್ಲುತ್ತದೆ ಎಂದರೆ ತುಂಬಿಸಿಯೇ ನಿಲ್ಲಿಸುತ್ತೇನೆ.

ಬಂಕಿನಲ್ಲಿ ಟ್ಯಾಂಕರ್ ನಿಂತು ಇಳಿಸುತ್ತಿದ್ದರೆ ಮುಂದಿನ ಬಂಕಿಗೆ ಹೋಗುತ್ತೇನೆ. ನೆಲದೊಳಗಿನ ಟ್ಯಾಂಕಿನ ಅಡಿಯ ಕಸ ಆ ಹೊತ್ತಿಗೆ ಕದಡಿರುತ್ತದೆ.

ತುಮಕೂರು ತಮ್ಮ
ಡೀಸೆಲ್ಲಿಗೂ ಎಥನಾಲ್ ಬೆರೆಸುತ್ತಾರೆ, ಅದಕ್ಕೇ ಪಂಪ್ ಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ?

ಮಂಗಳೂರು ಘಾಟ್
ಇಲ್ಲ ತಮ್ಮಾ. ಎಥನಾಲ್ ಬೆರೆಸುವುದು ಪೆಟ್ರೋಲಿಗೆ. ಬಂಕಿನ ಡೀಸೆಲ್‌ನಲ್ಲಿ ಆದ ದೊಡ್ಡ ಬದಲಾವಣೆ ಗಂಧಕದ್ದು. ಸರ್ಕಾರದ ಮಾಲಿನ್ಯ ಮಾನದಂಡ ಬಿಎಸ್ 4ರಲ್ಲಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇದ್ದದ್ದು 2020ರ ಏಪ್ರಿಲ್‌ನಿಂದ ಬಿಎಸ್ 6ರಲ್ಲಿ 10ಕ್ಕೆ ಇಳಿಯಿತು.

ಪಂಪ್ ಕೆಲಸದವನು
ಘಾಟ್ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಗಂಧಕ ತೆಗೆಯುವ ಕೆಲಸದಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಸ್ವಲ್ಪ ಹೋಗುತ್ತದೆ. ಅದಕ್ಕೆ ಜಾರುಗುಣದ ಮದ್ದನ್ನು ಬೆರೆಸಿಯೇ ಕಳಿಸುತ್ತಾರೆ. ಉಕ್ಕಿನ ಗುಂಡನ್ನು ಡೀಸೆಲ್‌ನಲ್ಲಿ ಉಜ್ಜಿ ಸವೆತದ ಗುರುತು ಅಳೆಯುವ ಪರೀಕ್ಷೆ ಇದೆ, ಅದು 460 ಮೈಕ್ರಾನ್ ದಾಟಬಾರದು. ಹಾಗಾಗಿ ಒಳ್ಳೆಯ ಬಂಕಿನ ಬಿಎಸ್ 6 ಡೀಸೆಲ್ ಹಳೇ ಗಾಡಿಗೆ ವಿಷ ಎಂದು ಹೆದರಬೇಡಿ. ಹೆದರಬೇಕಾದ್ದು ಸೀಮೆಎಣ್ಣೆ ಕಲಬೆರಕೆಗೆ. ಅದಕ್ಕೆ ಜಾರುಗುಣ ಕಡಿಮೆ. ಕ್ಯಾನಿನಲ್ಲಿ ಅಗ್ಗಕ್ಕೆ ಮಾರುವ ಡೀಸೆಲ್ ಹಾಕಲೇಬೇಡಿ. ಅನುಮಾನ ಬಂದರೆ ಬಂಕಿನಲ್ಲೇ ಡೆನ್ಸಿಟಿ (ಸಾಂದ್ರತೆ) ನೋಡಬೇಕು ಎಂದು ಕೇಳಿ. ಗಾಜಿನ ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ಅವರ ಹತ್ತಿರ ಇರಲೇಬೇಕು. ಅಂದಿನ ಲೋಡಿನ ಡೆನ್ಸಿಟಿಗೂ ಅಳೆದದ್ದಕ್ಕೂ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಗಿರಾಕಿ ಕೇಳುವುದು ತಪ್ಪಲ್ಲ, ಸಂಕೋಚ ಬೇಡ.

ಮೈಸೂರು ಮಾವ
ಟ್ಯಾಂಕಿಗೆ ಸ್ವಲ್ಪ ಟೂ ಸ್ಟ್ರೋಕ್ ಆಯಿಲ್ ಹಾಕಿದರೆ ಪಂಪ್ ನುಣ್ಣಗೆ ಓಡುತ್ತದೆ ಎಂದು ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ಹಾಕುತ್ತಾರೆ. ನಾನೂ ಒಂದು ವರ್ಷದಿಂದ ಹಾಕುತ್ತಿದ್ದೇನೆ. ಸದ್ದು ಕಡಿಮೆ ಆದ ಹಾಗೆ ಅನಿಸುತ್ತದೆ.

ಪಂಪ್ ಕೆಲಸದವನು
ಮಾವ, ನಿಮ್ಮ ಅನುಭವಕ್ಕೆ ನಾನು ಬೇಡ ಎನ್ನುವುದಿಲ್ಲ. ಆದರೆ ಗಾಡಿ ಕಂಪನಿಗಳು ಹಾಕಿ ಎಂದು ಹೇಳಿಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಹಾಕಲೇಬಾರದು, ಆಯಿಲಿನ ಬೂದಿ ಅದರಲ್ಲಿ ಕೂತರೆ ಸುಡುವುದಿಲ್ಲ, ಹೊರಗೂ ಹೋಗುವುದಿಲ್ಲ. ವರ್ಷಕ್ಕೆ ಆ ಆಯಿಲಿಗೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆಯ ಫಿಲ್ಟರ್ ಬರುತ್ತದೆ. ನನ್ನನ್ನು ಕೇಳಿದರೆ ಮೊದಲು ಫಿಲ್ಟರ್.

ಸಕಲೇಶಪುರ ಸವಾರ
ಕೆಲಸ ಆಯಿತು, ಪೂರ್ತಿ ಬರೆಯುತ್ತೇನೆ.

ಮೀಟರಿನಲ್ಲಿ ನೀರಿನ ಲೈಟ್ ಹತ್ತಲೇ ಇಲ್ಲ. ನಮ್ಮೂರಿನ ಮೆಕ್ಯಾನಿಕ್ ಅಣ್ಣನ ಜೊತೆ ಕೂತು ನೋಡಿದೆ. ಫಿಲ್ಟರಿನ ಅಡಿಯ ಸೆನ್ಸರಿಗೆ ಹೋಗುವ ವೈರಿನ ಸಾಕೆಟ್ ಬಿಚ್ಚಿ ಒಂದು ಟ್ಯಾಗಿನಿಂದ ಪಕ್ಕದ ಪೈಪಿಗೆ ಕಟ್ಟಿತ್ತು. ಮೀಟರಿನ ಹಿಂದೆ ಬಲ್ಬಿನ ಜಾಗಕ್ಕೆ ಕಪ್ಪು ಟೇಪ್ ಅಂಟಿಸಿದ್ದರು. ಯಾರು ಮಾಡಿದರೋ ಗೊತ್ತಿಲ್ಲ, ಮಾರುವ ಮೊದಲು ಲೈಟ್ ಕಾಣಬಾರದು ಎಂದು ಮಾಡಿದ್ದಾರೆ. ಅದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು.

ಬೋಲ್ಟ್ ಸಡಿಲಿಸಿ ಒಂದು ಲೀಟರ್ ನೀರಿನ ಬಾಟಲಿ ಹಿಡಿದೆವು. ಮೊದಲು ಬಂದದ್ದು ಮಜ್ಜಿಗೆಯ ಹಾಗೆ ಮಸುಕು. ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು ಕಾಫಿ ಕುಡಿದು ಬಂದು ನೋಡಿದರೆ ಮೇಲೆ ತಿಳಿ ಹಳದಿ ಡೀಸೆಲ್, ಅಡಿಯಲ್ಲಿ ಎರಡು ಬೆರಳು ನೀರು, ಎರಡರ ನಡುವೆ ಕಪ್ಪು ಎಳೆಗಳು ತೇಲುತ್ತಿವೆ. ಬಾಟಲಿ ವಾಲಿಸಿದರೆ ನೀರು ಬೇರೆಯೇ ಉರುಳುತ್ತದೆ.

ಫಿಲ್ಟರ್ ಬಿಚ್ಚಿದಾಗ ರಬ್ಬರ್ ಓ-ರಿಂಗ್ ಒಂದು ಕಡೆ ಚಪ್ಪಟೆಯಾಗಿ ಮಡಚಿತ್ತು. ಹಿಂದೆ ಹಾಕಿದವರು ಎಣ್ಣೆ ಸವರದೆ ಒಣಗಿದ ಹಾಗೇ ಕೂರಿಸಿದ್ದಾರೆ. ಗುರುಗಳು ಹೇಳಿದ ಹಾಗೆಯೇ ಅಲ್ಲಿಂದಲೇ ಒಸರುತ್ತಿತ್ತು. ಹೊಸ ಒರಿಜಿನಲ್ ಫಿಲ್ಟರ್, ಹೊಸ ಓ-ರಿಂಗ್, ಎರಡು ಕ್ಲಿಪ್, ಟ್ಯಾಂಕ್ ಇಳಿಸಿ ತೊಳೆದ ಕೂಲಿ ಸೇರಿ 3,650 ರೂಪಾಯಿ. ಟೇಪ್ ತೆಗೆದು ಸೆನ್ಸರ್ ವೈರ್ ಹಾಕಿದ ಮೇಲೆ ಲೈಟ್ ಈಗ ಹತ್ತಿ ಆರುತ್ತದೆ. ನಾಲ್ಕು ದಿನದಿಂದ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಪ್ರಶ್ನೆ. ಹೊಸ ಫಿಲ್ಟರಿನೊಳಗೆ ಡೀಸೆಲ್ ತುಂಬಿಸಿ ಕೂರಿಸೋಣ ಎಂದರು ಮೆಕ್ಯಾನಿಕ್ ಅಣ್ಣ. ನಾನು ಬೇಡ ಎಂದು ಕೀ ಆನ್ ಆಫ್ ಮಾಡಿಯೇ ತುಂಬಿಸಿದೆ. ಸರಿಯಾ?

ಪಂಪ್ ಕೆಲಸದವನು
ಸರಿಯಾಗಿ ಮಾಡಿದ್ದೀರಿ. ಕ್ಯಾನಿನಿಂದ ಸುರಿದ ಡೀಸೆಲ್ ಫಿಲ್ಟರಿನ ಶುದ್ಧ ಕಡೆಗೆ ಬಿದ್ದರೆ ಅದರ ಕಸ ನೇರ ಪಂಪಿಗೆ ಹೋಗುತ್ತದೆ, ತಡೆಯಲು ನಡುವೆ ಏನೂ ಇರುವುದಿಲ್ಲ. ಕರೆಂಟ್ ಪಂಪ್ ಇದ್ದರೆ ಕೀ ಆನ್ ಆಫ್, ಇಲ್ಲದ ಗಾಡಿಯಲ್ಲಿ ಕೈಯಲ್ಲಿ ಒತ್ತುವ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಬೇಕು. ಅದು ಬಿಟ್ಟು ಡ್ರೈ ಆಗಿ ಸೆಲ್ಫ್ ಹೊಡೆಯುತ್ತಾ ಇರಬಾರದು.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಿ. ಹಳೇ ಅಂಬಾಸಿಡರ್, ಜೀಪ್, ಟ್ರ್ಯಾಕ್ಟರಿನಲ್ಲಿ ಏರ್ ತೆಗೆಯಲು ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆಯುವುದು ರೂಢಿ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಬೇಡಿ, ಎಂಜಿನ್ ಓಡುವಾಗ ಆ ಪೈಪುಗಳ ಹತ್ತಿರ ಕೈ ಇಡಬೇಡಿ. ಆ ಒತ್ತಡದಲ್ಲಿ ಸೂಜಿಯಷ್ಟು ಸೋರಿದರೂ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೆ ಆದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ತುಮಕೂರು ತಮ್ಮ
ನಾನು ಮುಂದಿನ ತಿಂಗಳು ಇದೇ ಎಂಜಿನ್ನಿನ ಎರ್ಟಿಗಾ ನೋಡಲು ಹೋಗುತ್ತಿದ್ದೇನೆ. ಪಂಪ್ ವಿಷಯದಲ್ಲಿ ಏನು ನೋಡಲಿ ಸರ್?

ಪಂಪ್ ಕೆಲಸದವನು
ತಮ್ಮಾ, ಮೊದಲು ಗಾಡಿ ತಣ್ಣಗಿರುವಾಗ ಹೋಗು. ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳು. ಬಾನೆಟ್ ಮುಟ್ಟಿ ಬಿಸಿ ಇದ್ದರೆ ಯಾಕೆ ಎಂದು ಕೇಳು. ಕೀ ಆನ್ ಮಾಡಿ ಎಲ್ಲ ಲೈಟೂ ಹತ್ತಿ ಆರುತ್ತವಾ ನೋಡು. ಸವಾರರ ಅನುಭವ ಆಯಿತಲ್ಲ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡು. ಬಿಸಿಯಲ್ಲಿ ಎಳೆದಾಡಿದರೆ ಪಂಪೋ ನಾಝಲೋ ಒಳಗೇ ಸೋರುತ್ತಿದೆ ಎಂದು ಅನುಮಾನ ಪಡು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ ಎಷ್ಟು ಬೇಗ ಏರುತ್ತದೆ ನೋಡಲಿ. ಸ್ಕ್ಯಾನರಿನಲ್ಲಿ ಪಿ0087 ಎನ್ನುವ ದೋಷದ ಕೋಡ್ ಬಂದಿದ್ದರೆ ರೈಲ್‌ನಲ್ಲಿ ಒತ್ತಡ ಸಾಲದು ಎಂದರ್ಥ, ಪಂಪ್ ಹೋಗಿದೆ ಎಂದೇ ಅರ್ಥವಲ್ಲ. ಫಿಲ್ಟರ್ ಕಟ್ಟಿದರೂ ಅದೇ ಕೋಡ್ ಬರುತ್ತದೆ.

ನಾಝಲ್ ಸೋರುತ್ತಿದೆಯಾ ಎಂದು ನೋಡಲು ರಿಟರ್ನ್ ಟೆಸ್ಟ್ ಇದೆ. ನಾಲ್ಕು ನಾಝಲಿನ ರಿಟರ್ನ್ ಪೈಪನ್ನು ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಎಂಜಿನ್ ಓಡಿಸಬೇಕು. ಮೂರರಲ್ಲಿ ಒಂದೇ ಮಟ್ಟ, ಒಂದರಲ್ಲಿ ಎರಡು ಪಟ್ಟು ಎಂದರೆ ಆ ನಾಝಲ್ ಹೋಗಿದೆ. ಪಂಪ್ ಎಷ್ಟು ಹಿಂಡಿದರೂ ಒತ್ತಡ ನಿಲ್ಲುವುದಿಲ್ಲ. ಈ ಟೆಸ್ಟ್ ಮಾಡದೆ ಪಂಪ್ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ತೆಗೆದುಕೊಂಡ ಮೇಲೆ ಫಿಲ್ಟರ್ ಯಾವಾಗ ಹಾಕಿದ್ದಾರೆ ಎಂದು ಕೇಳಬೇಡ, ಸುಮ್ನೆ ಹೊಸದು ಹಾಕಿಸು. ಆಮೇಲೆ ಪುಸ್ತಕದಲ್ಲಿ ಎಷ್ಟೇ ಇರಲಿ, ನಮ್ಮ ಕಡೆಯ ಧೂಳು ಮಳೆಗೆ 20,000 ಕಿ.ಮೀ.ಗೆ ಒಂದು. ಕಡಿಮೆ ಓಡುವ ಗಾಡಿಗೆ ವರ್ಷಕ್ಕೆ ಒಂದು. ರಿಸರ್ವ್ ಲೈಟ್ ಹತ್ತಿದ ಮೇಲೆ ಓಡಿಸುವ ಅಭ್ಯಾಸ ಬೇಡ. ಡೀಸೆಲ್ ಕಡಿಮೆ ಇದ್ದರೆ ರಿಟರ್ನ್‌ನಲ್ಲಿ ಬಿಸಿಯಾಗಿ ಬಂದ ಡೀಸೆಲ್ಲೇ ಮತ್ತೆ ಮತ್ತೆ ಸುತ್ತುತ್ತದೆ, ತಿರುವಿನಲ್ಲಿ ಗಾಳಿ ಎಳೆಯುತ್ತದೆ. ಘಾಟಿಯಲ್ಲಂತೂ ಬೇಡವೇ ಬೇಡ.

ಮಂಗಳೂರು ಘಾಟ್
ಬಂಕಿನ ಹುಡುಗ ತಪ್ಪಿ ಪೆಟ್ರೋಲ್ ಹಾಕಿದರೆ ಏನು ಮಾಡಬೇಕು ಎನ್ನುವುದನ್ನೂ ಹೇಳಿ ಸರ್. ಬಿ.ಸಿ. ರೋಡಿನಲ್ಲಿ ನನಗೆ ಸ್ವಲ್ಪದರಲ್ಲಿ ತಪ್ಪಿತು, ನಳಿಕೆ ಒಳಗೆ ಹೋಗಿ ಆಗಿತ್ತು.

ಪಂಪ್ ಕೆಲಸದವನು
ಕೀ ಆನ್ ಕೂಡ ಮಾಡಬಾರದು. ಕೀ ಆನ್ ಆದರೆ ಟ್ಯಾಂಕಿನ ಪಂಪ್ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಗೇರ್ ನ್ಯೂಟ್ರಲ್ ಮಾಡಿ ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಬೇಕು. ಸ್ಟೀರಿಂಗ್ ಲಾಕ್ ಬಿಡಿಸಲು ಕೀ ಮೊದಲ ಹಂತಕ್ಕೆ ಮಾತ್ರ. ಎರಡೇ ಲೀಟರ್ ಬಿದ್ದಿದೆ, ಮೇಲೆ ಡೀಸೆಲ್ ತುಂಬಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಶಿರಸಿ ಮಳೆ
ಸವಾರರೇ, ಒಂದು ತಿಂಗಳಾಯಿತು. ಮತ್ತೆ ನೀರು ಬಿಟ್ಟು ನೋಡಿದಿರಾ?

ಸಕಲೇಶಪುರ ಸವಾರ
ನೋಡಿದೆ. ಈಚೆಗೆ ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಬಿಟ್ಟಿಲ್ಲ. ಅದೇ ಬಾಟಲಿ, ಅದೇ ಕಟ್ಟೆ. ಅಡಿಯಲ್ಲಿ ಕಡಲೆಕಾಳಿನಷ್ಟು ಒಂದು ಹನಿ, ಕಪ್ಪು ಎಳೆ ಇಲ್ಲ. ಅಮ್ಮನನ್ನು ಕರೆದುಕೊಂಡು ಶಿರಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದೆ. ಮಾರನೆಯ ಬೆಳಗ್ಗೆ ಜೋರು ಮಳೆ, ಮುಟ್ಟಿದ ಕೂಡಲೇ ಸ್ಟಾರ್ಟ್ ಆಯಿತು. ಮುಂದಿನ ಸಲ ನೀರು ಬಿಡುವುದು ಗಣೇಶನ ಹಬ್ಬ ಮುಗಿದ ಮೇಲೆ, ಆಗಲೂ ಬರೆಯುತ್ತೇನೆ.